ಅಟ್ಲಾಂಟಿಕ್ ಆಮೇಲೆ, ಮೊದಲು ಮೂರು ರಾತ್ರಿ

ಓದುಗರ ಪ್ರಶ್ನೆ: ನಾನು ಮಲ್ಪೆಯವಳು. ವಯಸ್ಸು 29, ಮಣಿಪಾಲದಲ್ಲಿ ಕೆಲಸ. ಅಪ್ಪ ಪರ್ಸೀನ್ ಮೀನುಗಾರಿಕಾ ಬೋಟಿನಲ್ಲಿ ತಾಂಡೇಲರಾಗಿ, ಅಂದರೆ ಬೋಟ್ ನಡೆಸುವವರಾಗಿ ಇದ್ದವರು, ಈಗ ಮನೆಯಲ್ಲಿದ್ದಾರೆ. ನಾನು ಗೋವಾದಲ್ಲಿ ಹಾಯಿದೋಣಿ ನಡೆಸುವ ಕೋರ್ಸ್ ಮಾಡಿದ್ದೇನೆ. ರಜೆ ಸಿಕ್ಕಾಗ ಅಲ್ಲಿಗೇ ಹೋಗುತ್ತೇನೆ. ರಾತ್ರಿಯಿಡೀ ಕಡಲಲ್ಲಿ ಇದ್ದದ್ದು ಮಾತ್ರ ಒಂದೇ ಸಲ. ಈಗ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಹೋಗುವ 43 ಅಡಿ ದೋಣಿಯಲ್ಲಿ ನನಗೊಂದು ಜಾಗ ಸಿಕ್ಕಿದೆ. ನವೆಂಬರ್ ಕೊನೆಗೆ ಹೊರಡುವುದು. ಕ್ಯಾಪ್ಟನ್ ಹಾಲೆಂಡಿನವರು, ಅರವತ್ತರ ಹತ್ತಿರ, ದೋಣಿ ಅವರದೇ. ಇನ್ನಿಬ್ಬರು ಪೋಲೆಂಡಿನ ಒಬ್ಬ ಹುಡುಗ ಮತ್ತು ಐರ್ಲೆಂಡಿನ ಒಬ್ಬ ಮಹಿಳೆ. ಯಾರನ್ನೂ ಮುಖತಃ ನೋಡಿಲ್ಲ, ನಾಲ್ಕು ಸಲ ವಿಡಿಯೋ ಕಾಲ್ ಮಾಡಿದ್ದೇವೆ. ಊಟದ ಖರ್ಚಿಗೆ ದಿನಕ್ಕೆ 25 ಯೂರೋ ಕೊಡಬೇಕು. ಅಪ್ಪ ಒಂದು ವಿಡಿಯೋ ನೋಡಿ "ದೋಣಿ ಇಷ್ಟು ವಾಲಿದರೆ ಮಗುಚದೇ ಇರುತ್ತದಾ" ಅಂತ ಹಿಡಿದುಕೊಂಡಿದ್ದಾರೆ. ತಿಮಿಂಗಿಲ ದೋಣಿ ಮುರಿಯುತ್ತದಂತೆ ಅಂತಲೂ ಕೇಳಿದ್ದಾರೆ. ಅಮ್ಮನಿಗೆ ಗುರುತಿಲ್ಲದ ಜನರ ಭಯ. ನೌಕಾಪಡೆಯ ಹಾಯಿದೋಣಿ ತಾರಿಣಿಯಲ್ಲಿ ಇಬ್ಬರೇ ಹೆಣ್ಣುಮಕ್ಕಳು ಪ್ರಪಂಚ ಸುತ್ತಿ ಬಂದರಲ್ಲ ಅಂದೆ, ಇಬ್ಬರೂ ಒಪ್ಪಲಿಲ್ಲ. ನನಗೇ ಇರುವ ಭಯ ಬೇರೆ: ವಾಂತಿ ಮಾಡಿಕೊಂಡು ಮಲಗಿ ಎಲ್ಲರಿಗೂ ಹೊರೆ ಆಗಿಬಿಟ್ಟರೆ? ಹೋಗಲಾ, ಬೇಡವಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಅಪ್ಪನದು ಕಡಲಿನ ಭಯ, ಅಮ್ಮನದು ಜನರ ಭಯ, ನಿಮ್ಮದು ನಿಮ್ಮ ಕೈಲಿ ಆಗುತ್ತದಾ ಅನ್ನುವ ಭಯ. ಮೂರರಲ್ಲಿ ಅಮ್ಮನ ಭಯಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಅವರು ಅಂದುಕೊಂಡ ಕಾರಣ ಒಂದೇ ಅಲ್ಲ, ಇನ್ನೂ ಕೆಲವು ಇವೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹಡಗಿನ ಕೆಲಸ ಬಿಟ್ಟ ಮೇಲೆ ಬೇರೆಯವರ ಹಾಯಿದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಮಾಡಿದವನು. ಆ ಕೆಲಸದಲ್ಲಿ ಪ್ರತಿ ಸಲವೂ ಜೊತೆಗಾರರು ಹೊಸಬರೇ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗಿ, ಆದರೆ ಈಗಲೇ "ಬರುತ್ತೇನೆ" ಅನ್ನಬೇಡಿ. "ಮೊದಲು ನಾಲ್ವರೂ ಮೂರು ರಾತ್ರಿ ಕಡಲಿಗೆ ಹೋಗಿ ಬರೋಣ, ಆಮೇಲೆ ಹೇಳುತ್ತೇನೆ" ಅನ್ನಿ. ಕ್ಯಾಪ್ಟನ್ ಅದಕ್ಕೆ ಒಪ್ಪದಿದ್ದರೆ ಬೇರೆ ದೋಣಿ ಹುಡುಕಿ.

ಮೊದಲು ಅಪ್ಪನ ಪ್ರಶ್ನೆ. ಅವರು ಹೆದರಿದ್ದು ಸರಿಯೇ. ಅವರು ಕಂಡ ಬೋಟುಗಳು ಅಷ್ಟು ವಾಲಿದರೆ ಕಥೆ ಮುಗಿಯಿತು. ನಾಡದೋಣಿಯಾಗಲಿ ಪರ್ಸೀನ್ ಬೋಟಾಗಲಿ ತನ್ನ ಅಗಲದ ಬಲದಿಂದ ನಿಲ್ಲುತ್ತದೆ. ಒಂದು ಮಿತಿ ದಾಟಿದರೆ ವಾಪಸ್ ಏಳುವುದಿಲ್ಲ. ಅಳಿವೆ ಬಾಯಿಯಲ್ಲಿ ಅಡ್ಡ ಅಲೆ ಹೊಡೆದು ಮಗುಚಿದ ದೋಣಿಗಳನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಸಾಗರ ದಾಟುವ ಹಾಯಿದೋಣಿ ಕಟ್ಟುವ ರೀತಿಯೇ ಬೇರೆ. ಅದರ ಹೊಟ್ಟೆಯಡಿ ಸೀಸದ್ದೋ ಕಬ್ಬಿಣದ್ದೋ ಒಂದು ಭಾರದ ಕೀಲ್ ಇರುತ್ತದೆ. 43 ಅಡಿಯ ದೋಣಿ ಹತ್ತು ಟನ್ ತೂಗಿದರೆ ಸುಮಾರು ಮೂರು ಟನ್ ಈ ಕೀಲಿನದೇ. ದೋಣಿ ವಾಲಿದಷ್ಟೂ ಆ ಭಾರ ಅದನ್ನು ನೆಟ್ಟಗೆ ಮಾಡಲು ಎಳೆಯುತ್ತದೆ. ಇಪ್ಪತ್ತು ಡಿಗ್ರಿ ವಾಲಿಕೊಂಡು ಓಡುವುದು ಅದಕ್ಕೆ ದಿನನಿತ್ಯದ ಕೆಲಸ. ದೊಡ್ಡ ಅಲೆಗೆ ಪೂರ್ತಿ ಮಲಗಿದರೂ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. ನಿಮ್ಮ ದಾರಿಯಲ್ಲಂತೂ ಗಾಳಿ ಹಿಂದಿನಿಂದ ಬರುತ್ತದೆ. ದೋಣಿ ಒಂದೇ ಕಡೆ ವಾಲುವುದು ಕಡಿಮೆ, ತೊಟ್ಟಿಲಿನ ಹಾಗೆ ಆಚೆ ಈಚೆ ತೂಗುವುದು ಜಾಸ್ತಿ. ಅದೂ ಹಗಲು ರಾತ್ರಿ, ಇಪ್ಪತ್ತು ದಿನ.

ಹಾಗಂತ ಕೀಲಿನ ಬಗ್ಗೆ ಯೋಚನೆಯೇ ಬೇಡ ಅನ್ನುತ್ತಿಲ್ಲ. 2014ರ ಮೇ ತಿಂಗಳಲ್ಲಿ ಆಂಟಿಗಾದಿಂದ ಇಂಗ್ಲೆಂಡಿಗೆ ಹೊರಟಿದ್ದ 'ಚೀಕಿ ರಫೀಕಿ' ಅನ್ನುವ 40 ಅಡಿ ದೋಣಿಯ ಕೀಲ್ ನಡು ಅಟ್ಲಾಂಟಿಕ್‌ನಲ್ಲಿ ಕಳಚಿ ಬಿತ್ತು. ನಾಲ್ವರೂ ಹೋದರು. ಆ ದೋಣಿ ಹಿಂದೆ ನೆಲಕ್ಕೆ ತಾಗಿತ್ತು ಅನ್ನುವುದು ತನಿಖೆಯಲ್ಲಿ ಮುಖ್ಯ ವಿಷಯವಾಯಿತು. ಆದ್ದರಿಂದ ನೀವು ಕ್ಯಾಪ್ಟನ್ನಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ದೋಣಿ ಯಾವತ್ತಾದರೂ ನೆಲಕ್ಕೆ ತಾಗಿತ್ತಾ? ಆಮೇಲೆ ಯಾರು ನೋಡಿದರು?" ಈ ಪ್ರಶ್ನೆ ಅಪ್ಪನ ಕೈಲೇ ಕೇಳಿಸಿದರೂ ಆಗಬಹುದು. ಬೋಟಿನ ಅಡಿಭಾಗದ ಬಗ್ಗೆ ಒಬ್ಬ ತಾಂಡೇಲ ಕೇಳಿದರೆ ಯಾವ ಒಳ್ಳೆಯ ಕ್ಯಾಪ್ಟನ್ನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತೂಫಾನಿನ ವಿಷಯ ಚುಟುಕಾಗಿ ಮುಗಿಸುತ್ತೇನೆ. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಅಟ್ಲಾಂಟಿಕ್‌ನಲ್ಲೂ ಕಾಲ ನೋಡಿಯೇ ಹೊರಡುವುದು. ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅದಕ್ಕೇ ದೋಣಿಗಳು ನವೆಂಬರ್ ಕೊನೆಗೆ ಹೊರಡುತ್ತವೆ. ಆಗ ಈಶಾನ್ಯದ ವ್ಯಾಪಾರ ಮಾರುತ ಬೀಸಲು ಶುರುವಾಗಿರುತ್ತದೆ. "ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು" ಅಂತ ಹಳೆಯ ನಾವಿಕರು ಹೇಳುತ್ತಿದ್ದದ್ದು ಈ ಗಾಳಿ ಹಿಡಿಯುವುದಕ್ಕೇ. ದಿನವಿಡೀ 15ರಿಂದ 25 ನಾಟ್ ಗಾಳಿ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.). ರಾತ್ರಿ ಹೊತ್ತು ಕರಿಮೋಡದ ಕೆಳಗೆ ಹಠಾತ್ತನೆ 30-35 ಬರಬಹುದು. ಅದಕ್ಕೆ ಮದ್ದು ಕತ್ತಲಾಗುವ ಮುಂಚೆ ಹಾಯಿ ಕಿರಿದು ಮಾಡಿಕೊಳ್ಳುವುದು. ಒಖಿಯಂಥ ಚಂಡಮಾರುತ ಸಿಗುವ ಸಾಧ್ಯತೆ ಆ ತಿಂಗಳಲ್ಲಿ ಆ ದಾರಿಯಲ್ಲಿ ಬಹಳ ಕಡಿಮೆ.

ತಿಮಿಂಗಿಲದ ಸುದ್ದಿ ಸುಳ್ಳಲ್ಲ, ಜಾಗ ಮಾತ್ರ ಬೇರೆ. 2020ರಿಂದ ಜಿಬ್ರಾಲ್ಟರ್ ಮತ್ತು ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾಗಳು ಹಾಯಿದೋಣಿಗಳ ಚುಕ್ಕಾಣಿಗೆ ಗುದ್ದುತ್ತಿವೆ. ಕೆಲವು ದೋಣಿಗಳು ಮುಳುಗಿಯೂ ಇವೆ. ಕೆನರಿಯಿಂದ ಪಶ್ಚಿಮಕ್ಕೆ ಹೋಗುವವರ ಸಮಸ್ಯೆ ಅದಲ್ಲ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ? ಎರಡು ಕಡೆ. ಎರಡೂ ನೋಡಲು ಸಾಧಾರಣ.

ಒಂದು, ಬೂಮ್. ದೊಡ್ಡ ಹಾಯಿಯ ಕೆಳಗಿರುವ ಅಡ್ಡ ಕಂಬ. ಗೋವಾದ ಸಣ್ಣ ದೋಣಿಯಲ್ಲಿ ಅದು ತಲೆಗೆ ತಾಗಿದರೆ ಬುಗುಟು ಏಳುತ್ತದೆ, ಅಷ್ಟೇ. 43 ಅಡಿ ದೋಣಿಯಲ್ಲಿ ಜೀವ ಹೋಗುತ್ತದೆ. ಗಾಳಿ ಹಿಂದಿನಿಂದ ಇರುವಾಗ ಚುಕ್ಕಾಣಿ ಹಿಡಿದವರು ಹತ್ತು ಸೆಕೆಂಡ್ ತೂಕಡಿಸಿದರೂ ಸಾಕು, ಗಾಳಿ ಹಾಯಿಯ ಆ ಕಡೆಗೆ ಹೋಗಿ ಬೂಮ್ ಪೂರ್ತಿ ದೋಣಿ ದಾಟಿ ಬೀಸುತ್ತದೆ. ನೀವು ಹೋಗುವ ದಾರಿಯಲ್ಲೇ ಪ್ರತಿ ವರ್ಷ ನಡೆಯುವ ಎಆರ್‌ಸಿ ಅನ್ನುವ ದೊಡ್ಡ ರ‍್ಯಾಲಿಯಲ್ಲಿ 2021ರಲ್ಲಿ ಒಬ್ಬರು ಬೂಮಿನ ಪೆಟ್ಟಿನಿಂದಲೇ ತೀರಿಕೊಂಡರು. ಇದನ್ನು ತಡೆಯಲು ಬೂಮಿನ ತುದಿಯಿಂದ ದೋಣಿಯ ಮುಂಭಾಗಕ್ಕೆ ಪ್ರಿವೆಂಟರ್ ಅನ್ನುವ ಹಗ್ಗ ಕಟ್ಟುತ್ತಾರೆ. ದೋಣಿ ಹತ್ತಿದ ಮೊದಲ ದಿನವೇ "ಪ್ರಿವೆಂಟರ್ ಹೇಗೆ ಕಟ್ಟುತ್ತೀರಿ, ತೋರಿಸಿ" ಅನ್ನಿ. ಹಗ್ಗ ಬೂಮಿನ ತುದಿಗೆ ಕಟ್ಟಿದೆಯಾ, ಹಿಂದೆ ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್‌ನಲ್ಲಿ ಕೂತೇ ಬಿಚ್ಚಲು ಆಗುತ್ತದಾ ನೋಡಿ. ಬೂಮಿನ ನಡುವಿಗೆ ಒಂದು ಸಣ್ಣ ಹಗ್ಗ ಸಿಕ್ಕಿಸಿ "ಇದು ಸಾಕು" ಅಂದರೆ ನನಗೆ ಅನುಮಾನ ಬರುತ್ತದೆ.

ಎರಡು, ನೀರಿಗೆ ಬೀಳುವುದು. ಈಜು ಗೊತ್ತಿದ್ದರೂ ಇಲ್ಲಿ ಉಪಯೋಗ ಕಡಿಮೆ. ಲೆಕ್ಕ ನೋಡಿ: 6 ನಾಟ್ ವೇಗದಲ್ಲಿ ದೋಣಿ ಒಂದು ನಿಮಿಷಕ್ಕೆ 185 ಮೀಟರ್ ಮುಂದೆ ಹೋಗುತ್ತದೆ. ಎರಡು ಮೀಟರ್ ಅಲೆಯ ನಡುವೆ ಒಂದು ತಲೆ ಅಷ್ಟು ದೂರದಿಂದ ಕಾಣುವುದಿಲ್ಲ. ಒಳಗೆ ಮಲಗಿದವರು ಎದ್ದು, ಪ್ರಿವೆಂಟರ್ ಬಿಚ್ಚಿ, ಹಾಯಿ ಇಳಿಸಿ, ದೋಣಿ ತಿರುಗಿಸುವಷ್ಟರಲ್ಲಿ ಐದು ಹತ್ತು ನಿಮಿಷ ಆಗಿರುತ್ತದೆ. 2024ರ ಡಿಸೆಂಬರಿನಲ್ಲಿ ಅದೇ ರ‍್ಯಾಲಿಯ ಒಂದು ರೇಸಿಂಗ್ ದೋಣಿಯಿಂದ ಅನುಭವಿ ನಾವಿಕರೊಬ್ಬರು ರಾತ್ರಿ ಬಿದ್ದರು. ಸುತ್ತಲಿನ ದೋಣಿಗಳೂ ಹುಡುಕಿದವು. ಸಿಗಲಿಲ್ಲ.

ಆದ್ದರಿಂದ ಬೀಳದೇ ಇರುವ ವ್ಯವಸ್ಥೆ ನೋಡಿ. ದೋಣಿಯ ಎರಡೂ ಬದಿಗೆ ಉದ್ದಕ್ಕೂ ಕಟ್ಟಿದ ಪಟ್ಟಿ ಇರಬೇಕು. ನಿಮ್ಮ ಎದೆಯ ಹಾರ್ನೆಸ್ಸಿನಿಂದ ಅದಕ್ಕೆ ಕೊಂಡಿ. ಕತ್ತಲಾದ ಮೇಲೆ, ಒಬ್ಬರೇ ಪಾಳಿಯಲ್ಲಿ ಇರುವಾಗ, ಹಾಯಿ ಕಿರಿದು ಮಾಡುವಾಗ ಕೊಂಡಿ ಹಾಕಲೇಬೇಕು. ಮೆಟ್ಟಿಲು ಹತ್ತಿ ಹೊರಗೆ ಬರುವ ಮುಂಚೆಯೇ ಹಾಕಬೇಕು. ಯಾರನ್ನೂ ಎಬ್ಬಿಸದೆ ಒಬ್ಬರೇ ಮುಂಭಾಗಕ್ಕೆ ಹೋಗಬಾರದು. ಜಾಕೆಟ್ಟಿನೊಳಗೆ ಎಐಎಸ್ ಬೀಕನ್ ಇರಲಿ. ನೀರಿಗೆ ಬಿದ್ದ ಕೂಡಲೇ ದೋಣಿಯ ಪರದೆ ಮೇಲೆ ನೀವಿರುವ ಜಾಗ ತೋರಿಸುವ ಸಣ್ಣ ಸಾಧನ ಅದು. ದೋಣಿಯಲ್ಲಿ ಇಲ್ಲದಿದ್ದರೆ ನೀವೇ ಕೊಂಡುಕೊಳ್ಳಿ. ಗಂಡಸರು ರಾತ್ರಿ ದೋಣಿಯ ಅಂಚಿಗೆ ನಿಂತು ಮೂತ್ರ ಮಾಡುವ ದೋಣಿಯಾ ಅಂತಲೂ ಗಮನಿಸಿ. ನಾಚಿಕೆಯ ಮಾತಲ್ಲ. ಹಾಗೆ ಬಿದ್ದವರಿದ್ದಾರೆ.

ಸಹಾಯ ಎಷ್ಟು ಬೇಗ ಬರುತ್ತದೆ? ನಡು ಅಟ್ಲಾಂಟಿಕ್‌ಗೆ ಹೆಲಿಕಾಪ್ಟರ್ ತಲುಪುವುದಿಲ್ಲ. ಹತ್ತಿರದಲ್ಲಿ ಹಾದುಹೋಗುವ ಸರಕು ಹಡಗನ್ನು ತಿರುಗಿಸಿ ಕಳಿಸುತ್ತಾರೆ. ನಮ್ಮ ನೌಕಾಪಡೆಯ ಹಾಯಿದೋಣಿ ನಾವಿಕ ಅಭಿಲಾಷ್ ಟಾಮಿ 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬೆನ್ನು ಮುರಿದುಕೊಂಡು ಬಿದ್ದಾಗ ಫ್ರೆಂಚ್ ಹಡಗು ತಲುಪಿದ್ದು 24ರಂದು. ಮೂರು ದಿನ ಅವರು ಮುರಿದ ದೋಣಿಯೊಳಗೆ ಏಳಲಾರದೆ ಮಲಗಿದ್ದರು. ನಿಮ್ಮ ದಾರಿಯಲ್ಲಿ ಹಡಗುಗಳು ಅದಕ್ಕಿಂತ ಜಾಸ್ತಿ. ಆದರೂ ಒಂದೆರಡು ದಿನ ನಾಲ್ವರೇ ನಿಭಾಯಿಸಬೇಕು ಅಂತ ಇಟ್ಟುಕೊಳ್ಳಿ.

ಇಲ್ಲಿಗೆ ಅಮ್ಮನ ಮಾತಿಗೆ ಬಂದೆವು. ತಾರಿಣಿಯ ಉದಾಹರಣೆ ಕೊಟ್ಟಿರಿ. ಆ ಇಬ್ಬರು ನೌಕಾಪಡೆ ಅಧಿಕಾರಿಗಳು 2024ರ ಅಕ್ಟೋಬರಿನಲ್ಲಿ ಗೋವಾದಿಂದ ಹೊರಟು 2025ರ ಮೇನಲ್ಲಿ ವಾಪಸ್ ಬಂದರು. ಆದರೆ ಹೊರಡುವ ಮುಂಚೆ ಅವರು ವರ್ಷಗಟ್ಟಲೆ ಒಟ್ಟಿಗೆ ತಾಲೀಮು ಮಾಡಿದ್ದರು. ಒಬ್ಬರಿಗೆ ಸುಸ್ತಾದರೆ ಹೇಗೆ ಮಾತಾಡುತ್ತಾರೆ ಅಂತ ಇನ್ನೊಬ್ಬರಿಗೆ ಗೊತ್ತಿತ್ತು. ನೀವು ನಾಲ್ವರು ನಾಲ್ಕು ಸಲ ಫೋನಿನಲ್ಲಿ ನಕ್ಕಿದ್ದೀರಿ. ಅಮ್ಮ ಒಪ್ಪದೇ ಇದ್ದದ್ದರಲ್ಲಿ ತಪ್ಪೇನಿಲ್ಲ.

ಗುರುತಿಲ್ಲದವರು ಅಂದ ಕೂಡಲೇ ಮನೆಯವರ ತಲೆಗೆ ಬರುವುದು ಕೆಟ್ಟ ನಡತೆ. ಅದೂ ನಡೆಯುತ್ತದೆ, ಅದಕ್ಕೆ ಏನು ಮಾಡಬೇಕು ಅಂತ ಹೇಳುತ್ತೇನೆ. ಆದರೆ ಅದಕ್ಕಿಂತ ಹೆಚ್ಚು ನಡೆಯುವುದು ಏನು ಗೊತ್ತಾ? ನಿದ್ದೆಗೆಟ್ಟ ನಾಲ್ಕು ಒಳ್ಳೆಯ ಜನ ಒಬ್ಬರ ಮುಖ ಒಬ್ಬರು ನೋಡಲಾರದ ಸ್ಥಿತಿಗೆ ಬರುವುದು. ಒಂದು ದೋಣಿಯಲ್ಲಿ ಇಬ್ಬರು ನಡುಕಡಲಲ್ಲಿ ಮಾತು ಬಿಟ್ಟದ್ದು ನೋಡಿದ್ದೇನೆ. ಕಾರಣ ಒಂದು ಚಮಚ. ಚಹಾ ಮಾಡಿದ ಮೇಲೆ ಒಬ್ಬಳು ಚಮಚ ತೊಳೆಯಲು ಪ್ರತಿ ಸಲ ಸಿಹಿನೀರಿನ ನಲ್ಲಿ ತಿರುಗಿಸುತ್ತಿದ್ದಳು. ನಲ್ಲಿ ತಿರುಗಿಸಿದಾಗಲೆಲ್ಲ ಪಂಪು ಟರ್ ಅನ್ನುತ್ತಿತ್ತು. ಆ ಪಂಪು ಇದ್ದದ್ದು ಇನ್ನೊಬ್ಬನ ಬಂಕಿನ ಅಡಿಯಲ್ಲಿ, ಅವನ ಕಿವಿಯ ಹತ್ತಿರ. ನೀರೇನೂ ಕಡಿಮೆ ಇರಲಿಲ್ಲ. ಆದರೆ ಸರಿಯಾಗಿ ನಿದ್ದೆಯಿಲ್ಲದೆ ದಿನ ಕಳೆದವನಿಗೆ ಆ ಸದ್ದು ಬೇಕೆಂದೇ ಮಾಡಿದ ಹಾಗೆ ಕೇಳಿಸಿತು. ಅವನೂ ಏನೂ ಹೇಳದೆ ಎಣಿಸುತ್ತಾ ಮಲಗಿದ್ದ. ಕೊನೆಗೆ ಸಿಡಿದಾಗ ಮಾತು ಚಮಚದಿಂದ ಅವಳ ಮನೆತನದವರೆಗೂ ಹೋಯಿತು. ಮಾತು ಬಿಟ್ಟರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಪಾಳಿ ಬದಲಾಗುವಾಗ "ಆ ಕಡೆ ಒಂದು ಹಡಗಿನ ದೀಪ ಕಾಣುತ್ತಿದೆ" ಅಂತ ಹೇಳುವುದೂ ಬಿಟ್ಟುಹೋಗುತ್ತದೆ. ಅಪಾಯ ಅಲ್ಲಿದೆ.

ಮೂರು ರಾತ್ರಿ ಯಾಕೆ ಅಂದ್ರೆ, ಮೊದಲ ರಾತ್ರಿ ಎಲ್ಲರೂ ಉತ್ಸಾಹದಲ್ಲಿ ಇರುತ್ತಾರೆ. ಎರಡನೇ ರಾತ್ರಿ ಸುಸ್ತು. ಮೂರನೇ ರಾತ್ರಿ ಎರಡು ಗಂಟೆಗೆ ಎಬ್ಬಿಸಿದಾಗ ಮನುಷ್ಯ ಹೇಗೆ ಏಳುತ್ತಾನೆ ಅನ್ನುವುದರಲ್ಲಿ ಅವನ ಸ್ವಭಾವ ಕಾಣುತ್ತದೆ. ಅದರಲ್ಲೂ ಕ್ಯಾಪ್ಟನ್ನಿನದು. ಹಗ್ಗ ಸಿಕ್ಕಿಹಾಕಿಕೊಂಡಾಗ ಕೂಗಾಡುತ್ತಾರಾ? "ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ" ಅಂದರೆ ಹೇಳುತ್ತಾರಾ? "ಅನುಮಾನ ಬಂದರೆ ಯಾವ ಹೊತ್ತಿಗಾದರೂ ನನ್ನನ್ನು ಎಬ್ಬಿಸಿ" ಅನ್ನುತ್ತಾರಾ, ಮತ್ತು ಎಬ್ಬಿಸಿದಾಗ ಮುಖ ಗಂಟು ಹಾಕುತ್ತಾರಾ? ಈ ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಮುಖ ಗಂಟು ಹಾಕುವ ಕ್ಯಾಪ್ಟನ್ನನ್ನು ಹೊಸಬರು ಎರಡನೇ ಸಲ ಎಬ್ಬಿಸುವುದಿಲ್ಲ.

ಕ್ಯಾಪ್ಟನ್ನಿಗೆ ಫೋನಿನಲ್ಲೇ ಕೇಳಬಹುದಾದದ್ದೂ ಇದೆ. ಹಿಂದಿನ ಪ್ರಯಾಣದ ಇಬ್ಬರು ಸಿಬ್ಬಂದಿಯ ನಂಬರ್ ಕೊಡಿ, ಅದರಲ್ಲಿ ಒಬ್ಬರು ಹೆಂಗಸಾಗಿರಲಿ. ಲೈಫ್‌ರಾಫ್ಟ್ (ದೋಣಿ ಮುಳುಗಿದರೆ ಹತ್ತುವ ತೆಪ್ಪ) ಕೊನೆಯ ಸಲ ಸರ್ವಿಸ್ ಆದದ್ದು ಯಾವಾಗ? ಹಾಯಿಕಂಬ ಹಿಡಿದಿರುವ ತಂತಿಗಳಿಗೆ ಎಷ್ಟು ವರ್ಷ? ಚುಕ್ಕಾಣಿ ಮುರಿದರೆ ಏನು ಮಾಡುತ್ತೀರಿ? ನಿಮಗೇ ಏನಾದರೂ ಆದರೆ ದೋಣಿ ನಡೆಸುವವರು ಯಾರು? ಕಡಲಲ್ಲಿ ಕುಡಿಯುತ್ತೀರಾ? ವಿಮೆ ಸಾಗರ ದಾಟುವುದಕ್ಕೂ ಇದೆಯಾ? ಉತ್ತರಕ್ಕಿಂತ ಉತ್ತರ ಕೊಡುವ ರೀತಿ ನೋಡಿ. ಒಳ್ಳೆಯವರಿಗೆ ಈ ಪ್ರಶ್ನೆಗಳು ಖುಷಿ ಕೊಡುತ್ತವೆ. "ಅದೆಲ್ಲ ನನಗೆ ಬಿಡಿ" ಅನ್ನುವವರ ಜೊತೆ ಹೋಗಬೇಡಿ. ರ‍್ಯಾಲಿಯಲ್ಲಿ ಹೋಗುವ ದೋಣಿಗಳಿಗೆ ಹೊರಡುವ ಮುಂಚೆ ಸುರಕ್ಷತೆಯ ತಪಾಸಣೆ ಇರುತ್ತದೆ. ನಿಮ್ಮ ಕ್ಯಾಪ್ಟನ್ ಅದಕ್ಕೆ ಸೇರಿದ್ದಾರಾ ಅಂತ ನೀವು ಬರೆದಿಲ್ಲ. ಸೇರಿಲ್ಲ ಅಂದರೆ ತಪಾಸಣೆ ಮಾಡುವವರು ನೀವೇ. 25 ಯೂರೋ ಸರಿಯಾದ ಮೊತ್ತ, ಅದು ನಿಜಕ್ಕೂ ಊಟದ ಪಾಲು. ದಿನಕ್ಕೆ ನೂರಿನ್ನೂರು ಕೇಳಿದ್ದರೆ ಅದು ಬಾಡಿಗೆ ವ್ಯವಹಾರವಾಗುತ್ತದೆ, ಖಾಸಗಿ ದೋಣಿಯ ವಿಮೆ ಆಗ ಕೈ ಬಿಡಬಹುದು.

ಹೆಣ್ಣುಮಗಳಾಗಿ ನೀವು ಇನ್ನೂ ಕೆಲವು ನೋಡಬೇಕು. ಬಾಗಿಲು ಇರುವ ಕ್ಯಾಬಿನ್ ನಿಮಗೋ, ಐರಿಷ್ ಮಹಿಳೆಯ ಜೊತೆಗೋ, ಈಗಲೇ ಬರಹದಲ್ಲಿ ಕೇಳಿ. ಆಕೆಯ ಜೊತೆ ಬೇರೆಯಾಗಿ ಮಾತಾಡಿ, ಆಕೆ ಹೇಗೆ ಈ ದೋಣಿಗೆ ಬಂದರು ಅಂತ ತಿಳಿದುಕೊಳ್ಳಿ. ಇನ್ನೊಬ್ಬಳು ಹೆಂಗಸು ಇದ್ದಾಳೆ ಅನ್ನುವುದು ಒಳ್ಳೆಯದು, ಅದೊಂದೇ ಭರವಸೆ ಸಾಲದು. ಆಕೆ ಕೊನೇ ಗಳಿಗೆಯಲ್ಲಿ ಬರದೇ ಹೋದರೆ ನಿಮ್ಮ ನಿರ್ಧಾರ ಏನು ಅಂತ ಈಗಲೇ ಯೋಚಿಸಿ ಇಡಿ. ಪಾಸ್‌ಪೋರ್ಟ್ ಬಂದರಿನ ಕೆಲಸಕ್ಕೆ ಕ್ಯಾಪ್ಟನ್ ಕೇಳುತ್ತಾರೆ, ಕೊಡಿ, ಕೆಲಸ ಮುಗಿದ ಮೇಲೆ ಇಸ್ಕೊಳ್ಳಿ. ಊರಿಗೆ ಬರುವ ವಿಮಾನದ ದುಡ್ಡು ಮತ್ತು ನಾಲ್ಕು ದಿನ ಹೋಟೆಲಿನಲ್ಲಿ ಇರುವಷ್ಟು ಹಣ ಬೇರೆ ಇಟ್ಟುಕೊಳ್ಳಿ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ದಕ್ಕೆಯಲ್ಲಿ ನಿಂತು "ನಾನು ಬರುವುದಿಲ್ಲ" ಅನ್ನುವ ಧೈರ್ಯ ಆ ದುಡ್ಡಿನಿಂದ ಬರುತ್ತದೆ. ಮನಸ್ಸಿಗೆ ಏನೋ ಸರಿ ಇಲ್ಲ ಅನ್ನಿಸಿದರೆ ಕಾರಣ ಕೊಡುವ ಅಗತ್ಯವೂ ಇಲ್ಲ.

ಈಗ ದಾರಿಗಳು. ನಾಲ್ಕಿವೆ.

ಮೊದಲನೆಯದು, ಎರಡು ವಾರ ಮುಂಚೆ ಲಾಸ್ ಪಾಲ್ಮಾಸ್‌ಗೆ ಹೋಗಿ ದೋಣಿಯಲ್ಲೇ ಉಳಿದು, ಲಾಂಜರೋಟೆ ದ್ವೀಪದ ಕಡೆಗೆ ಹೋಗಿ ವಾಪಸ್ ಬರುವುದು. ಹೋಗುವಾಗ ಗಾಳಿ ಎದುರಿನಿಂದ, ಅಲೆಯೂ ಇರುತ್ತದೆ. ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗೆ. ನಿಮ್ಮ ಪರಿಸ್ಥಿತಿಗೆ ನಾನು ಇದನ್ನೇ ಹೇಳುತ್ತೇನೆ. ಖರ್ಚು ಸ್ವಲ್ಪ ಜಾಸ್ತಿ, ರಜೆಯೂ ಬೇಕು.

ಎರಡನೆಯದು, ನೇರ ಹೋಗದೆ ಕೇಪ್ ವರ್ಡೆ ದ್ವೀಪಗಳ ಮಿಂಡೆಲೋ ಬಂದರಿನಲ್ಲಿ ನಿಲ್ಲುವುದು. ಲಾಸ್ ಪಾಲ್ಮಾಸ್‌ನಿಂದ ಅಲ್ಲಿಗೆ ಸುಮಾರು 850 ನಾಟಿಕಲ್ ಮೈಲು, ಆರೇಳು ದಿನ. ಆ ದ್ವೀಪದಲ್ಲಿ ವಿಮಾನ ನಿಲ್ದಾಣ ಇದೆ, ಬೇಡ ಅನ್ನಿಸಿದರೆ ಇಳಿಯಬಹುದು. ಉಳಿದದ್ದು ಸುಮಾರು 2,100 ಮೈಲು. ನೇರ ದಾರಿ 2,700. ಕ್ಯಾಪ್ಟನ್ ಒಪ್ಪಿದರೆ ಇದು ಬಹಳ ಒಳ್ಳೆಯದು. ಆದರೆ ಹೊಸಬರೊಬ್ಬರಿಗಾಗಿ ದಾರಿ ಬದಲಾಯಿಸಲು ಎಲ್ಲರೂ ಒಪ್ಪುವುದಿಲ್ಲ. ವೀಸಾದ ಕೆಲಸವೂ ಒಂದು ಹೆಚ್ಚಾಗುತ್ತದೆ.

ಮೂರನೆಯದು, ದುಡ್ಡು ಕೊಟ್ಟು ತರಬೇತಿ ಸಂಸ್ಥೆಯ ದೋಣಿಯಲ್ಲಿ ಹೋಗುವುದು. ಕ್ಯಾಪ್ಟನ್ ವೃತ್ತಿಪರರು, ಕಾಗದಪತ್ರ ಪಕ್ಕಾ. ಖರ್ಚು ಲಕ್ಷಗಳಲ್ಲಿ. ಜೊತೆಗಾರರು ಅಲ್ಲಿಯೂ ಹೊಸಬರೇ, ನೆನಪಿಡಿ.

ನಾಲ್ಕನೆಯದು, ಒಂದು ವರ್ಷ ಮುಂದೂಡುವುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಅರಬ್ಬೀ ಕಡಲು ಸೌಮ್ಯ. ಗೋವಾ ಅಥವಾ ಮುಂಬಯಿಯಿಂದ ಕೊಚ್ಚಿಗೆ ಹೋಗುವ ದೋಣಿಗಳಲ್ಲಿ ಜಾಗ ಕೇಳಿ ರಾತ್ರಿ ಪಾಳಿ ಅಭ್ಯಾಸ ಮಾಡಬಹುದು. ಇದರಲ್ಲಿ ಅಪಾಯ ಒಂದೇ, ಮುಂದೂಡಿದ್ದು ಮುಂದೂಡಿದ್ದಾಗಿಯೇ ಉಳಿಯಬಹುದು. ನಮ್ಮ ಮನೆಗಳಲ್ಲಿ ಮುಂದಿನ ವರ್ಷ ಅಂದ್ರೆ ಏನೇನು ಬರುತ್ತದೆ ಅಂತ ನಿಮಗೇ ಗೊತ್ತು.

ವಾಂತಿಯ ವಿಷಯಕ್ಕೆ ಬರೋಣ. ಕಡಲ ಮಕ್ಕಳಿಗೆ ವಾಂತಿ ಬರುವುದಿಲ್ಲ ಅನ್ನುವುದು ಸುಮ್ನೆ ಮಾತು. ಇಂಗ್ಲೆಂಡಿನ ಅಡ್ಮಿರಲ್ ನೆಲ್ಸನ್‌ಗೂ ಬರುತ್ತಿತ್ತು. ಕಿವಿಯೊಳಗಿನ ಸಮತೋಲನದ ಅಂಗ "ಅಲುಗುತ್ತಿದ್ದೇವೆ" ಅನ್ನುತ್ತದೆ, ಕ್ಯಾಬಿನ್ನಿನ ಗೋಡೆ ನೋಡುವ ಕಣ್ಣು "ಇಲ್ಲ" ಅನ್ನುತ್ತದೆ. ಆ ಗೊಂದಲವೇ ಕಾಯಿಲೆ. ಬಹುತೇಕರಿಗೆ ಎರಡು ಮೂರು ದಿನದಲ್ಲಿ ದೇಹ ಹೊಂದಿಕೊಳ್ಳುತ್ತದೆ. ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ, ಹಾಗಾಗಿ ಹೊರಡುವ ಮುಂಚೆಯೇ ಶುರು ಮಾಡಬೇಕು. ನಮ್ಮಲ್ಲಿ ಸಿಗುವ ಅವೊಮಿನ್ ಹಲವರಿಗೆ ನಿದ್ದೆ ಬರಿಸುತ್ತದೆ. ಸಿನ್ನರಿಜಿನ್ ಕೆಲವರಿಗೆ ಹೊಂದುತ್ತದೆ. ಡಾಕ್ಟರನ್ನು ಕೇಳಿ, ಮನೆಯಲ್ಲೇ ಒಂದು ರಜೆಯ ದಿನ ತೆಗೆದುಕೊಂಡು ನೋಡಿ. ಕಡಲಲ್ಲಿ ಮೊದಲೆರಡು ದಿನ ಹೊರಗೆ ಕೂತು ದಿಗಂತ ನೋಡಿ, ಒಳಗೆ ಇದ್ದರೆ ಮಲಗಿಯೇ ಇರಿ. ಅಡುಗೆ ಕೆಲಸ ಮೊದಲ ದಿನ ಒಪ್ಪಿಕೊಳ್ಳಬೇಡಿ. ಮತ್ತು ಇದನ್ನು ಮುಂಚೆಯೇ ಎಲ್ಲರಿಗೂ ಹೇಳಿ. ವಾಂತಿ ಮಾಡಿಕೊಂಡರೂ ಪಾಳಿಗೆ ಹೊತ್ತಿಗೆ ಸರಿಯಾಗಿ ಬರುವವರು ಯಾರಿಗೂ ಹೊರೆ ಅನ್ನಿಸುವುದಿಲ್ಲ. ಮುಚ್ಚಿಟ್ಟು, ನೀರು ಕುಡಿಯದೆ, ಮೂರನೇ ದಿನ ಕುಸಿಯುವವರದ್ದೇ ಸಮಸ್ಯೆ.

ಪಾಳಿ ಹೇಗಿರುತ್ತದೆ ಅಂತ ಕೇಳಿಕೊಳ್ಳಿ. ನಾಲ್ಕು ಜನಕ್ಕೆ ಮೂರು ಗಂಟೆ ಕೆಲಸ, ಒಂಬತ್ತು ಗಂಟೆ ಬಿಡುವು ಸಾಮಾನ್ಯ. ಹೊಸಬರನ್ನು ಮೊದಲ ಕೆಲವು ರಾತ್ರಿ ಅನುಭವಿಗಳ ಜೊತೆ ಹಾಕಬೇಕು. ದಿಗಂತದಲ್ಲಿ ಕಂಡ ಕಂಟೈನರ್ ಹಡಗು ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿಮ್ಮ ಮೇಲೆಯೇ ಇರಬಹುದು, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತ ನೋಡಲೇಬೇಕು. ಯಂತ್ರದ ಪರದೆ ನೋಡಿದರೆ ಸಾಲದು. ಇದರಲ್ಲಿ ನಿಮ್ಮ ಮನೆಯಲ್ಲೇ ಗುರು ಇದ್ದಾರೆ. ಕೆಂಪು ಹಸಿರು ದೀಪ ನೋಡಿ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಅಂತ ಹೇಗೆ ಹೇಳುವುದು, ದೀಪ ಒಂದೇ ದಿಕ್ಕಿನಲ್ಲಿ ನಿಂತು ದೊಡ್ಡದಾಗುತ್ತಾ ಬಂದರೆ ಅದರ ಅರ್ಥ ಏನು, ಮಳೆ ಮೋಡಕ್ಕೂ ಗಾಳಿ ಮೋಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ, ಅಪ್ಪನನ್ನು ಕೇಳಿ. ಮಲ್ಪೆ ಬೀಚಿನಲ್ಲಿ ನಾಲ್ಕು ಸಂಜೆ ಕೂತರೆ ಸಾಕು. ಅವರ ಅರ್ಧ ಭಯ ಅಲ್ಲೇ ಹೋಗುತ್ತದೆ ಅನ್ನುವುದು ನನ್ನ ಅಂದಾಜು.

ಸಾಮಾನಿನ ವಿಷಯ. ಲೈಫ್‌ಜಾಕೆಟ್ಟಿನ ಗ್ಯಾಸ್ ಸಿಲಿಂಡರಿಗೆ ವಿಮಾನದಲ್ಲಿ ತಕರಾರು ಬರುತ್ತದೆ, ಅಲ್ಲೇ ಕೊಳ್ಳುವುದು ಸುಲಭ. ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ಥರದ ಸಾಧನ ಇಲ್ಲಿಂದ ಹೊತ್ತುಕೊಂಡು ಹೋಗಲೇಬೇಡಿ. ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ತಿಂಡಿಯಲ್ಲಿ ತುಪ್ಪ, ಒಣಮೀನು ಬೇಡ. ಹಾಲು, ಮಾಂಸದ ಪದಾರ್ಥ ಯುರೋಪಿಗೆ ಒಯ್ಯುವ ಹಾಗಿಲ್ಲ, ಮೀನಿಗೂ ಸುಮ್ನೆ ಪ್ರಶ್ನೆ ಬರುತ್ತದೆ. ಕುಚ್ಚಲಕ್ಕಿಯ ಆಸೆಯೂ ಬಿಡಿ, ಅದು ಬೇಯುವಷ್ಟರಲ್ಲಿ ಗ್ಯಾಸ್ ಮುಗಿದಿರುತ್ತದೆ. ಅವಲಕ್ಕಿ, ಹುರಿಹಿಟ್ಟು, ಮಿಡಿ ಉಪ್ಪಿನಕಾಯಿ ಸಾಕು. ಒಂದು ಸಣ್ಣ ಕುಕ್ಕರ್ ಮಾತ್ರ ತೆಗೆದುಕೊಂಡು ಹೋಗಿ. ಮುಚ್ಚಳ ಬೀಗ ಹಾಕಿದ ಹಾಗೆ ಕೂರುವುದರಿಂದ ತೂಗಾಡುವ ದೋಣಿಯಲ್ಲಿ ಬಿಸಿ ಸಾರು ಮೈಮೇಲೆ ಚೆಲ್ಲುವುದಿಲ್ಲ. ಹೋಗುವ ಮುಂಚೆ ಹಲ್ಲಿನ ಡಾಕ್ಟರರ ಹತ್ತಿರ ಒಮ್ಮೆ ಹೋಗಿ ಬನ್ನಿ.

ಕಾಗದಪತ್ರದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ದೋಣಿಯಲ್ಲಿ ಬಂದು ಇಳಿಯುವವರಿಗೆ ಕೆರಿಬಿಯನ್ ದ್ವೀಪಗಳಲ್ಲಿ ವಾಪಸ್ ಟಿಕೆಟ್ ಕೇಳುತ್ತಾರೆ. ನಿಮ್ಮ ಜವಾಬ್ದಾರಿ ಕ್ಯಾಪ್ಟನ್ ಮೇಲೆ ಇರುತ್ತದೆ, ಹಾಗಾಗಿ ಅವರೂ ಕೇಳುತ್ತಾರೆ. ಯುರೋಪಿನ ಶೆಂಗೆನ್ ವೀಸಾದಲ್ಲಿ ಕಾಯುವ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿ. ಲಾಸ್ ಪಾಲ್ಮಾಸ್ ಬಿಡುವಾಗ ಪಾಸ್‌ಪೋರ್ಟಿಗೆ ನಿರ್ಗಮನದ ಮುದ್ರೆ ಹಾಕಿಸಿಕೊಳ್ಳಿ.

ಕೊನೆಗೆ ಮನೆಯ ವಿಷಯ. 2018ರ ಡಿಸೆಂಬರಿನಲ್ಲಿ ನಿಮ್ಮೂರಿನಿಂದ ಹೊರಟ ಮೀನುಗಾರಿಕಾ ಬೋಟ್ ಸುವರ್ಣ ತ್ರಿಭುಜ ಏಳು ಜನರೊಂದಿಗೆ ಕಾಣೆಯಾಗಿ, ಅದರ ಅವಶೇಷ ಮಹಾರಾಷ್ಟ್ರದ ಕಡಲಲ್ಲಿ ಪತ್ತೆಯಾದದ್ದು ಮರುವರ್ಷ ಮೇನಲ್ಲಿ. ಮಲ್ಪೆಯ ಯಾವ ಮನೆಯೂ ಅದನ್ನು ಮರೆತಿಲ್ಲ. ಅಲ್ಲಿನ ತಾಯಂದಿರಿಗೆ "ಏನೂ ಆಗುವುದಿಲ್ಲ" ಅಂತ ಹೇಳಿದರೆ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಬದಲಿಗೆ ದೋಣಿಯ ಜಾಗ ತೋರಿಸುವ ಟ್ರ್ಯಾಕರ್ ಇದೆಯಾ ಕೇಳಿ, ಅದರ ಲಿಂಕ್ ಅಪ್ಪನ ಫೋನಿಗೆ ಹಾಕಿಕೊಡಿ. ಈಗ ಎಷ್ಟೋ ದೋಣಿಗಳಲ್ಲಿ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್ ಇದೆ, ಆದರೂ ದಿನಾ ಫೋನ್ ಮಾಡುತ್ತೇನೆ ಅಂತ ಮಾತು ಕೊಡಬೇಡಿ. ಅದು ಕೆಟ್ಟರೆ ಮನೆಯಲ್ಲಿ ಗಾಬರಿ ಶುರುವಾಗುತ್ತದೆ. ಸುದ್ದಿ ನಿಂತರೆ ಎಷ್ಟು ದಿನ ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಕ್ಯಾಪ್ಟನ್ನಿನ ಮನೆಯ ನಂಬರ್, ದೋಣಿಯ ಹೆಸರು, ನೋಂದಣಿ ಸಂಖ್ಯೆ ಅದರಲ್ಲಿ ಇರಲಿ. ದೋಣಿ ದಿನಕ್ಕೆ 130-150 ಮೈಲು ಹೋದರೆ ಇಪ್ಪತ್ತು ದಿನದ ಲೆಕ್ಕ. ಗಾಳಿ ಸತ್ತರೆ ಇಪ್ಪತ್ತೈದೂ ಆಗಬಹುದು. ಅಮ್ಮನಿಗೆ ಡಿಸೆಂಬರ್ ಇಂಥಾ ತಾರೀಕು ಅಂತ ಹೇಳಬೇಡಿ, ಕ್ರಿಸ್‌ಮಸ್ ಒಳಗೆ ಅನ್ನಿ. ವಾಪಸ್ ಟಿಕೆಟನ್ನೂ ತಾರೀಕು ಬದಲಾಯಿಸಲು ಬರುವಂಥದ್ದೇ ತೆಗೆದುಕೊಳ್ಳಿ.